ಕರೀಮ್ ಸಾಬರ ಪಟ್ಟಿ ಮತ್ತು ನನ್ನ ಅಕ್ಷರ

ಕಳೆದ ತಿಂಗಳು ಮನೆಯ ಕಾಗದದ ಒಂದು ನಕಲಿಗಾಗಿ ಬೀದರಿನ ಕಚೇರಿಯೊಂದಕ್ಕೆ ಹೋಗಿದ್ದೆ. ಕಿಟಕಿಯ ಆಚೆ ಕುಳಿತಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು, ಸಿಗಲಿಲ್ಲ. ಒಳಗಿನಿಂದ ಕೆಂಪು ಬಟ್ಟೆಯ ಬಸ್ತಾ ತರಿಸಿದಳು. ಗಂಟು ಬಿಚ್ಚಿದಾಗ ಒಣಗಿದ ಬೇವಿನೆಲೆಯ ಪುಡಿ ಮೇಜಿನ ಮೇಲೆ ಉದುರಿತು. ಹುಳ ಹತ್ತದಿರಲೆಂದು ಹಿಂದಿನವರು ಇಟ್ಟಿದ್ದು. ಹುಡುಗಿ ಸೀನಿ, ಅದನ್ನು ಅಂಗೈಯಿಂದ ಕೆಳಕ್ಕೆ ಸರಿಸಿದಳು. ಹಳೆಯ ಕಾಗದ, ಬೇವು, ಧೂಳು, ಮೂರೂ ಕೂಡಿದ ಆ ಕಹಿ ವಾಸನೆ ಒಮ್ಮೆ ಐದಾರು ತಿಂಗಳು ನನ್ನ ಸೀರೆಯ ಸೆರಗಿನಲ್ಲಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ನಮ್ಮವರು ತೀರಿಕೊಂಡು ಈಗ ಎರಡು ವರ್ಷ. ಅವರಿರುವತನಕ ಬರೆಯುವುದು ಬೇಡವೆಂದು ಸುಮ್ಮನಿದ್ದೆ. ಈಗ ಸುಮ್ಮನಿರಲು ಆ ಕಾರಣವೂ ಉಳಿದಿಲ್ಲ.

ಧಾರವಾಡದಿಂದ ಮದುವೆಯಾಗಿ ನಾನು ಭಾಲ್ಕಿಗೆ ಬಂದದ್ದು, ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ. ಬೀದರ ದಾಟಿದ ಮೇಲೆ ಕೆಂಪು ನೆಲ ಸರಿದು ಕಪ್ಪು ಮಣ್ಣು ಬಂದದ್ದನ್ನು ರೈಲಿನ ಕಿಟಕಿಯಿಂದ ನೋಡಿದ ನೆನಪು. ನನ್ನ ತಂದೆಗೆ ಅಳಿಯ ಸರ್ಕಾರಿ ದಫ್ತರಿನಲ್ಲಿದ್ದಾನೆ ಎಂಬುದೇ ದೊಡ್ಡದಾಗಿತ್ತು. ನನಗೆ ದೊಡ್ಡದಾಗಿ ಕಂಡದ್ದು ನಿಶ್ಚಯವಾದ ಮೇಲೆ ಬಂದ ಅವರ ಎರಡು ಪತ್ರಗಳು. ಎಂಥ ತಿದ್ದಿದ ಕನ್ನಡ! ಬಂದು ಹದಿನೈದು ದಿನವಾದ ಮೇಲೆ ತಿಳಿಯಿತು, ಅವನ್ನು ಬರೆದುಕೊಟ್ಟವರು ಪಕ್ಕದ ಓಣಿಯ ಮಾಸ್ತರರು. ನಮ್ಮವರ ಮನೆಮಾತು ಕನ್ನಡ, ಸಾಲಿಯ ಓದೆಲ್ಲ ಉರ್ದು. ನಿಜಾಮರ ಕಾಲದಲ್ಲಿ ಓದಿದವರೆಲ್ಲ ಹಾಗೇ. ಕನ್ನಡದಲ್ಲಿ ಜಗಳವಾಡುತ್ತಿದ್ದರು, ನಗುತ್ತಿದ್ದರು, ಸಹಿ ಮಾತ್ರ ಉರ್ದುವಿನಲ್ಲಿ. ಕನ್ನಡ ಓದುವಾಗ ಒಂದೊಂದು ಅಕ್ಷರಕ್ಕೂ ತುಟಿ ಆಡುತ್ತಿತ್ತು. ನಾನು ಅದನ್ನು ನೋಡಿ ನಕ್ಕಿದ್ದೆ. ಅವರೂ ನಕ್ಕಿದ್ದರು.

ರಾಜ್ಯ ಸೇರಿದ ದಿನ ಊರಲ್ಲಿ ಪೇಡೆ ಹಂಚಿದರು. ತೊಗರಿ ಹೂ ಬಿಟ್ಟ ಕಾಲ. ಬೆಳಗಿನ ಚಳಿಗೆ ಜನ ಕಂಬಳಿ ಹೊದ್ದುಕೊಂಡೇ ಝೆಂಡಾ ನೋಡಲು ಬಂದಿದ್ದರು. ವಾರ ಕಳೆಯುವುದರೊಳಗೆ ದಫ್ತರಿಗೆ ಹುಕುಂ ಬಂತು. ಹೊಲಗಳ ಉರ್ದು ಪುಸ್ತಕಗಳೆಲ್ಲ ಮುಂದಿನ ಬಿತ್ತನೆಯೊಳಗೆ ಕನ್ನಡಕ್ಕೆ ಬರಬೇಕು. ಆ ಕೆಲಸದ ಹೊಣೆ ಬಿದ್ದದ್ದು ಹಿರಿಯ ಮುನ್ಶಿ ಕರೀಮ್ ಸಾಬರ ಮೇಲೆ. ಪುಸ್ತಕಗಳು ಸರಿಯಾಗಿ ಬಂದರೆ ಅವರ ಜಾಗ ಉಳಿಯುತ್ತದೆ, ಹೊಸ ಸಾಹೇಬರ ತಪಾಸಣೆಯಲ್ಲಿ ತಪ್ಪು ಕಂಡರೆ ಮನೆಗೆ ಹೋಗಬೇಕು. ಇದನ್ನು ಅವರಿಗೆ ಎಲ್ಲರ ಎದುರಿಗೇ ಹೇಳಿದ್ದರಂತೆ.

ಕರೀಮ್ ಸಾಬರದು ಮೂವತ್ತು ವರ್ಷದ ನೌಕರಿ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಮುಗಿದ ಮೇಲೆ ಅವರ ಇಬ್ಬರು ತಮ್ಮಂದಿರು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದರು. ಸಾಬರು ಹೋಗಲಿಲ್ಲ. ಯಾಕೆಂದು ಯಾರೋ ಕೇಳಿದ್ದಕ್ಕೆ, ಈ ಬಸ್ತಾಗಳನ್ನು ಓದುವವರು ಯಾರು ಎಂದಿದ್ದರಂತೆ. ದಫ್ತರು ಬಿಟ್ಟರೆ ಅವರಿಗೆ ಬೇರೆ ಸಂಸಾರವಿರಲಿಲ್ಲ ಎಂದು ನಮ್ಮವರು ಅನ್ನುತ್ತಿದ್ದರು, ಸ್ವಲ್ಪ ಕನಿಕರದಿಂದ, ಸ್ವಲ್ಪ ತಮಾಷೆಯಿಂದ.

ಅವರು ಮೊದಲು ಮಾಡಿದ ಕೆಲಸ ಒಂದು ಪಟ್ಟಿ. ದಾರದಿಂದ ಹೊಲಿದ ವಹಿ. ಬಲಗಡೆ ಉರ್ದು ಮಾತು, ಎಡಗಡೆ ಅದಕ್ಕೆ ಕನ್ನಡ ಮಾತು. ಒಂದಕ್ಕೆ ಒಂದೇ. ತಮ್ಮ ದಫ್ತರಿಗಷ್ಟೇ ಆದರೆ ಸಾಲದು ಎಂದು ಅದನ್ನು ಬಗಲಲ್ಲಿ ಇಟ್ಟುಕೊಂಡು ಔರಾದಿಗೂ ಬೀದರಿಗೂ ತಿರುಗಿದರು. ಔರಾದಿನವರು ಮರಾಠಿ ಕಡೆಯ ಮಾತು ಬೇಕೆಂದರು. ಬೀದರಿನವರು ದೊಡ್ಡ ಊರಿನ ಮಾತು ನಡೆಯಬೇಕೆಂದರು. ಭಾಲ್ಕಿಯ ಮಾತು ತಗೊಂಡರೆ ನಮ್ಮ ಊರಿನಲ್ಲಿ ಮಾತಿಗೂ ಬರ ಬಂತೇನು ಅಂತ ಜನ ಕೇಳ್ತಾರೆ ಎಂದು ಔರಾದಿನ ಗುಮಾಸ್ತ ಚುಚ್ಚಿದನಂತೆ. ಹಾಗಾದರೆ ನಿಮ್ಮವು ಹತ್ತು ಮಾತು ತಗೋತೇನೆ, ನನ್ನವು ಹತ್ತು ತಗೊಳ್ಳಿ, ಆದರೆ ತಗೊಂಡ ಮೇಲೆ ಬದಲಿಸಬೇಡಿ ಎಂದು ಸಾಬರು ಹೇಳಿ, ಮೂರೂ ಊರಿನವರ ಸಹಿ ಹಾಕಿಸಿಕೊಂಡು ಬಂದರು. ಬಸ್ಸಿನ ಧೂಳಿನಲ್ಲಿ ಕೆಂಪಾದ ಗಡ್ಡದೊಂದಿಗೆ ಇಳಿದು, ಮನೆಗೂ ಹೋಗದೆ ದಫ್ತರಿಗೆ ಬಂದಿದ್ದರಂತೆ.

ನಾನು ಇದರೊಳಗೆ ಬಂದದ್ದು ಸಾಬರ ಕೈಕೆಳಗಿದ್ದ ನಮ್ಮವರ ಅಕ್ಷರದ ದೆಸೆಯಿಂದ. ಸಾಬರು ಉರ್ದು ಪುಟ ನೋಡಿ ಬಾಯಲ್ಲಿ ಹೇಳುವುದು, ಇವರು ಕಚ್ಚಾ ಬರೆದುಕೊಳ್ಳುವುದು, ಆಮೇಲೆ ಶುದ್ಧಪ್ರತಿ ಮಾಡುವುದು, ಕ್ರಮ ಹೀಗಿತ್ತು. ಇವರ ಶುದ್ಧಪ್ರತಿ ಓದಲು ಇವರೇ ಬೇಕಾಗುತ್ತಿತ್ತು. ಆಗಿನ್ನೂ ಅವರದು ಖಾಯಂ ಆಗದ ನೌಕರಿ. ಒಂದು ಸಂಜೆ ರೊಟ್ಟಿಯ ಡಬ್ಬಿಯ ಕೆಳಗೆ ಕಾಗದದ ಕಟ್ಟು ಇಟ್ಟುಕೊಂಡು ಬಂದು, ನಿನ್ನ ಕಾನ್ವೆಂಟಿನ ಅಕ್ಷರ ಇದಕ್ಕಲ್ಲದೆ ಮತ್ಯಾವುದಕ್ಕೆ ಎಂದರು. ದಫ್ತರಿನ ಕಾಗದ ಮನೆಗೆ ತರುವಂತಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಸಾಬರಿಗೂ ಗೊತ್ತಿತ್ತು. ಬಿತ್ತನೆಯೊಳಗೆ ಮುಗಿಯಬೇಕಲ್ಲ, ಸಾಬರು ನೋಡಿಯೂ ನೋಡದಂತಿದ್ದರು.

ಆದರೆ ಒಂದು ರವಿವಾರ ಅವರೇ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತರು. ಮಾಸಿದ ಶೇರವಾನಿ, ಅದರ ಮೇಲಿನ ಗುಂಡಿ ಮಾತ್ರ ಬೇರೆ ಬಣ್ಣದ್ದು. ನಾನು ಬರೆದ ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಕಣ್ಣಿಗೆ ಪೊರೆ ಬಂದಿತ್ತು.

"ಬೇಟಿ, ಅಕ್ಷರ ಛಲೋ ಅದ. ಒಂದು ಮಾತು ಕೇಳು. ಪಟ್ಟಿಯೊಳಗ ಏನದ, ಅದೇ ಬರಿ. ನೂರು ಸಲ ಬಂದ್ರ ನೂರು ಸಲ ಅದೇ."

ಓದುವವರಿಗೆ ಬೇಸರವಾಗುವುದಿಲ್ಲವೇ ಎಂದು ನಾನು ಬಾಗಿಲ ಮರೆಯಿಂದ ಕೇಳಿದೆ.

"ಬ್ಯಾಸರ ಆಗ್ಲಿ. ಇದು ಬ್ಯಾಸರ ಕಳ್ಯಾಕ ಓದೂ ಕಿತಾಬ್ ಅಲ್ಲ. ಜಗಳ ಬಂದಾಗ ಓದೂದು."

ಪಟ್ಟಿಯ ಇನ್ನೊಂದು ಪ್ರತಿಯನ್ನು ಕಟ್ಟೆಯ ಮೇಲಿಟ್ಟು, ಗಾಳಿಗೆ ಹಾರದಿರಲೆಂದು ಒಂದು ಕಲ್ಲು ಹೇರಿ ಹೋದರು.

ಆ ಚಳಿಗಾಲದ ಮಧ್ಯಾಹ್ನಗಳು ನನಗೆ ಸುಖವಾಗಿದ್ದವು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ನಿಜ. ಹೊಸ ಊರು, ಗೆಳತಿಯರಿಲ್ಲ. ಅಡಿಗೆ ಮುಗಿದ ಮೇಲೆ ಹಿತ್ತಲಿನ ಬಿಸಿಲಿಗೆ ಚಾಪೆ ಹಾಸಿ, ಮಣೆಯ ಮೇಲೆ ಕಾಗದ ಇಟ್ಟು, ಟಾಕನ್ನು ಮಸಿಗೆ ಅದ್ದಿ ಬರೆಯುತ್ತಿದ್ದೆ. ಎಂದೂ ನೋಡದ ಊರುಗಳ ಹೊಲಗಳು, ಬಾವಿಗಳು, ಗಡಿಯ ಬೇವಿನ ಮರಗಳು ನನ್ನ ಕೈಯಿಂದ ದಾಟಿ ಹೋಗುತ್ತಿದ್ದವು. ಮೊದಲ ತಿಂಗಳು ಪಟ್ಟಿಯನ್ನು ಪಕ್ಕಕ್ಕೇ ಇಟ್ಟುಕೊಂಡು ಬರೆದೆ.

ಪಟ್ಟಿಯಲ್ಲಿ ಶಿಕ್ಮಿದಾರ ಎಂಬ ಒಂದು ಮಾತಿತ್ತು. ಹೊಲ ಒಬ್ಬನ ಹೆಸರಿನಲ್ಲಿರುತ್ತದೆ. ಅವನ ಜೊತೆಗೆ ಮೊದಲಿನಿಂದಲೂ ಅದೇ ಹೊಲದಲ್ಲಿ ಹಕ್ಕಿರುವ ಇನ್ನೊಬ್ಬರು ಶಿಕ್ಮಿದಾರರು. ಅದರ ಎದುರಿಗೆ ಸಾಬರು ಪಾಲುದಾರ ಎಂದು ಬರೆದಿದ್ದರು. ಈ ಮಾತು ಒಂದೊಂದು ಪುಟದಲ್ಲಿ ಎಂಟು ಹತ್ತು ಸಲ ಬರುತ್ತಿತ್ತು. ಪಾಲುದಾರ, ಪಾಲುದಾರ, ಪಾಲುದಾರ. ಕಾನ್ವೆಂಟಿನಲ್ಲಿ ನಮಗೆ ನಿಬಂಧ ಕಲಿಸಿದ ಸಿಸ್ಟರ್, ಒಂದೇ ಮಾತು ಒಂದು ಪರಿಚ್ಛೇದದಲ್ಲಿ ಎರಡನೆಯ ಸಲ ಬಂದರೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದರು. ನಿನ್ನ ಪೆಟ್ಟಿಗೆಯಲ್ಲಿ ಇರುವುದು ಒಂದೇ ಫ್ರಾಕೇನು ಎಂದು ಕೇಳುತ್ತಿದ್ದರು. ನಾನು ಅವರ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ನನ್ನ ಪುಟದಲ್ಲಿ ಸುತ್ತು ಬೀಳುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಾನು ಪಟ್ಟಿಯನ್ನು ಗೂಡಿನಲ್ಲಿಟ್ಟೆ. ಎಲ್ಲ ಮಾತೂ ನೆನಪಿತ್ತು. ಒಂದು ಕಡೆ ಪಾಲುದಾರ ಎಂದು ಬರೆದರೆ, ಇನ್ನೊಂದು ಕಡೆ ಸಹಭಾಗಿ ಎಂದು ಬರೆದೆ. ಮತ್ತೊಂದು ಕಡೆ, ಹೇಗೂ ಅವರು ಉಳುವವರೇ ತಾನೆ ಎಂದು, ಸಾಗುವಳಿದಾರ ಎಂದು ಬರೆದೆ. ಪುಟ ಹಗುರಾಯಿತು ಅನ್ನಿಸಿತು. ಇವರು ಒಂದೆರಡು ಸಾಲು ತುಟಿ ಆಡಿಸಿ ಓದಿ, ಕತಿ ಓದಿದಂಗ ಆಗ್ತದ ಎಂದು ಮೆಚ್ಚಿದರು. ಆ ಹೊಗಳಿಕೆಗೆ ಎರಡು ದಿನ ಹಿಗ್ಗಿದ್ದೆ.

ಶುದ್ಧಪ್ರತಿಯನ್ನು ಉರ್ದುವಿನೊಡನೆ ತಾಳೆ ನೋಡದೆ ಸಾಬರು ಒಂದು ಪುಟವನ್ನೂ ಬಿಡುತ್ತಿರಲಿಲ್ಲ. ಕಣ್ಣು ಮಂಜಾದ್ದರಿಂದ ಇವರಿಗೆ ಗಟ್ಟಿಯಾಗಿ ಓದಲು ಹೇಳುತ್ತಿದ್ದರು. ಇವರಿಗೋ ಕನ್ನಡ ಅಕ್ಷರ ಕೂಡಿಸಿ ಓದುವುದೇ ಕಷ್ಟ. ನನ್ನ ಪ್ರತಿಯನ್ನು ಕೈಯಲ್ಲಿ ಹಿಡಿದು, ಕಣ್ಣನ್ನು ಪಕ್ಕದ ಉರ್ದುವಿನ ಮೇಲಿಟ್ಟು, ಪಟ್ಟಿಯ ಮಾತುಗಳನ್ನೇ ಬಾಯಲ್ಲಿ ಹೇಳಿಬಿಡುತ್ತಿದ್ದರು. ಬೇಗ ಮುಗಿಯುತ್ತಿತ್ತು. ಸಾಬರ ಕಿವಿಗೆ ಎಲ್ಲವೂ ಸರಿಯಾಗಿ ಕೇಳಿಸುತ್ತಿತ್ತು. ಪ್ರತಿ ಪುಟಕ್ಕೂ ಅವರು ಸಹಿ ಹಾಕಿದರು.

ಬಿಸಿಲು ಏರಿತು. ಬೇವಿನ ಹೂ ಅಂಗಳಕ್ಕೆ ಉದುರತೊಡಗಿತು. ನನಗೆ ಐದು ತಿಂಗಳಾಗಿತ್ತು. ಕೆಳಗೆ ಕೂತು ಬರೆಯುವುದು ಆಗದೆ ಕಿಟಕಿಯ ಕಟ್ಟೆಗೆ ಕಾಗದ ಇಟ್ಟು ನಿಂತೇ ಬರೆಯುತ್ತಿದ್ದೆ. ಆಗ ನಾಗಮ್ಮನ ಸುದ್ದಿ ಬಂತು.

ನಾಗಮ್ಮ ಭಾತಂಬ್ರಾದವಳು, ಗಂಡ ಸತ್ತವಳು. ಹೊಲ ಮೈದುನನ ಹೆಸರಿನಲ್ಲಿ. ಅವಳ ಗಂಡ ಶಿಕ್ಮಿದಾರ, ಅವನ ನಂತರ ಅವಳು. ಮೈದುನ ತನಗೆ ಬೇಕಾದ ಒಂದು ಪುಟದ ನಕಲು ಪಡೆದ. ಅದರಲ್ಲಿ ನಾಗಮ್ಮ ಸಾಗುವಳಿದಾರಳು ಎಂದಿತ್ತು. ಉಳಲು ಇಟ್ಟುಕೊಂಡಿದ್ದೆವು, ಈ ವರ್ಷದಿಂದ ಬೇಡ, ಹೊಲದಲ್ಲಿ ಕಾಲಿಡಬೇಡ ಎಂದ. ನಾಗಮ್ಮ ಊರಿನ ಯಾರನ್ನೋ ಹಿಡಿದು ಅದೇ ಹೊಲ ಬರುವ ಇನ್ನೊಂದು ಪುಟದ ನಕಲು ತೆಗೆಸಿದಳು. ಅದರಲ್ಲಿ ಪಾಲುದಾರಳು ಎಂದಿತ್ತು. ಎರಡನ್ನೂ ಎಲೆ ಅಡಿಕೆಯ ಸಂಚಿಯಲ್ಲಿಟ್ಟುಕೊಂಡು ಹೊಸ ಸಾಹೇಬರ ಮುಂದೆ ಬಂದು ನಿಂತಳು.

ಇವರು ಆ ದಿನ ಮಧ್ಯಾಹ್ನವೇ ಮನೆಗೆ ಬಂದರು. ಚಪ್ಪಲಿ ಬಿಡದೆ ಪಡಸಾಲೆಗೆ ಬಂದು, ಎರಡು ಹಾಳೆ ನನ್ನ ಮುಂದೆ ಹಿಡಿದರು.

"ಇವೆರಡೂ ನೀನ ಬರದದ್ದ?"

"ಹೌದ್ರಿ."

"ಪಟ್ಟ್ಯಾಗ ಪಾಲುದಾರ ಅಂತ ಇತ್ತಲ್ಲ. ಮತ್ತ ಇದ್ಯಾಕ?"

ಒಂದೇ ಮಾತು ಬಹಳ ಸಲ ಬರುತ್ತಿತ್ತು, ಚೆಂದ ಕಾಣುತ್ತಿರಲಿಲ್ಲ ಎಂದೆ. ಹೇಳುವಾಗಲೇ ನನ್ನ ಧ್ವನಿ ನನಗೆ ಶಾಲೆಯ ಹುಡುಗಿಯದರಂತೆ ಕೇಳಿಸಿತು. ಅವರು ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು. ನಾನೇ ಬಂದು ಸಾಹೇಬರಿಗೆ ಹೇಳುತ್ತೇನೆ, ತಪ್ಪು ನನ್ನದು ಎಂದೆ.

"ಕಾಗದ ಮನಿಗಿ ತಂದದ್ದು ಗೊತ್ತಾದ್ರ ನಾ ಅಲ್ಲಿ ಇರ್ತೇನೇನು? ಸುಮ್ನ ಕೂಡು. ಬಸುರಿ ಹೆಂಗಸು."

"ಕರೀಮ್ ಸಾಬ್ರು?"

"ಅವರು ಹಿರ್ಯಾರು. ಹ್ಯಾಂಗಾರ ಮಾಡಿ ತೂಗಸ್ತಾರ."

ನಾನು ಸುಮ್ಮನೆ ಕೂತೆ. ಅವರು ಕೂಡಿಸಿದರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಅವರು ಹಾಗೆ ಅಂದ ಗಳಿಗೆಯಲ್ಲಿ ನನ್ನ ಎದೆಯಿಂದ ಭಾರ ಇಳಿದದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಬೇಡವೆನ್ನಲಿ ಎಂದೇ ನಾನು ಬರುತ್ತೇನೆ ಎಂದಿದ್ದೆನೇನೋ.

ಮರುದಿನ ನಡೆದದ್ದನ್ನು ಇವರು ಬಾಗಿಲು ಹಾಕಿಕೊಂಡು ಹೇಳಿದರು. ಹೊಸ ಸಾಹೇಬರು ಮೈಸೂರು ಕಡೆಯವರು, ಎಲ್ಲರಿಗೂ ಬಹುವಚನ. ನಾಗಮ್ಮ, ಅವಳ ಮೈದುನ, ಇವರು, ಸಾಬರು ಎಲ್ಲ ನಿಂತಿದ್ದರು. ಸಾಹೇಬರು ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಇವುಗಳಲ್ಲಿ ಯಾವುದು ನಿಜ ಎಂದು ಸಾಬರನ್ನು ಕೇಳಿದರು. ಸಾಬರು ಹಾಳೆಗಳನ್ನು ಒಂದಾದ ಮೇಲೊಂದು ಮೂಗಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಉರ್ದು ಪುಸ್ತಕ ತಂದು, ಎರಡು ಪುಟ ತೆರೆದು, ಕಣ್ಣು ಮುಚ್ಚಿಕೊಂಡೇ ಓದಿದಂತೆ ಓದಿದರು. ಎರಡರಲ್ಲೂ ಶಿಕ್ಮಿದಾರ ಎಂದೇ ಇತ್ತು.

"ಮೊದಲ ಎರಡೂ ಒಂದೇ ಇದ್ದವು ಹುಜೂರ್. ನಮ್ಮ ಕೈಯಾಗ ಬಂದ ಮ್ಯಾಲೆ ಬ್ಯಾರೆ ಆಗ್ಯಾವ. ಈ ಹೆಣ್ಮಗಳದು ಹಕ್ಕು ಅದ. ತಪ್ಪು ನಂದು."

ಇದು ನಿಮ್ಮ ಕೈಬರಹವೇ ಎಂದು ಸಾಹೇಬರು ಕೇಳಿದ್ದಕ್ಕೆ, ಸಹಿ ನಂದು ಎಂದಷ್ಟೇ ಹೇಳಿದರಂತೆ. ಇವರು ಅಲ್ಲಿಯೇ ಎರಡು ಮಾರು ದೂರದಲ್ಲಿ ನಿಂತಿದ್ದರು. ನೀವು ಏನೂ ಹೇಳಲಿಲ್ಲವೇ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ನಾಗಮ್ಮನ ಹೊಲ ಅಂದೇ ಅವಳಿಗೆ ಉಳಿಯಿತು. ಉಳಿದ ಪುಸ್ತಕಗಳನ್ನು ತೆಗೆಸಿ ನೋಡಿದಾಗ, ಸಂಕ್ರಾಂತಿಯ ನಂತರದ ಎಷ್ಟೋ ಪುಟಗಳಲ್ಲಿ ನನ್ನ ಚೆಂದದ ಮಾತುಗಳು ಕಂಡವು. ಮಿರಗದ ಮಳೆಗೆ ಮೊದಲೇ ಸಾಬರಿಗೆ ಮನೆಗೆ ಹೋಗುವ ಹುಕುಂ ಬಂತು. ಅವರು ಕೇಳಿಕೊಂಡದ್ದು ಒಂಬತ್ತು ದಿನ. ಆ ಒಂಬತ್ತು ದಿನ ಇವರನ್ನು ಎದುರಿಗೆ ಕೂಡಿಸಿಕೊಂಡು, ಉರ್ದು ನೋಡಲು ಬಿಡದೆ, ಕನ್ನಡವನ್ನು ಒಂದೊಂದೇ ಅಕ್ಷರ ಓದಿಸಿ ಎಲ್ಲವನ್ನೂ ತಿದ್ದಿಸಿದರು. ಇವರು ಸಂಜೆ ಬಂದು ಗಂಟಲು ನೋಯುತ್ತದೆ ಎನ್ನುತ್ತಿದ್ದರು.

ಹೊರಡುವ ಹಿಂದಿನ ದಿನ ಸಾಬರು ನಮ್ಮ ಮನೆಗೆ ಬಂದರು. ಇವರು ಮನೆಯಲ್ಲಿರಲಿಲ್ಲ, ಇಲ್ಲದ ಹೊತ್ತು ನೋಡಿಯೇ ಬಂದರೇನೋ. ಕಟ್ಟೆಯ ಮೇಲೂ ಕೂರಲಿಲ್ಲ. ಪಟ್ಟಿ ನಿನ್ನ ಹತ್ರ ಅದ ಏನು ಬೇಟಿ ಎಂದರು. ಗೂಡಿನಿಂದ ತಂದುಕೊಟ್ಟೆ. ಅದರ ಮೇಲಿನ ಧೂಳನ್ನು ಅವರು ತೋಳಿನಿಂದ ಒರೆಸಿದರು.

"ಯಾಕ ಬದಲ್ ಮಾಡಿದಿ?"

ಸಿಸ್ಟರ್ ಕಲಿಸಿದ್ದನ್ನು ಹೇಳಿದೆ, ಕೆಂಪು ಪೆನ್ಸಿಲನ್ನೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು, ದೂರದ ಯಾವುದೋ ಊರಿನ ರೀತಿ ಕೇಳುವವರ ಹಾಗೆ.

"ಸಾಲಿಯೊಳಗ ತಿದ್ದೋರಿಗೆ ಹೊಲ ಇರೂದಿಲ್ಲ, ಬೇಟಿ," ಎಂದರು. ಪಟ್ಟಿಯನ್ನು ಬಗಲಿಗೆ ಸೇರಿಸಿ, "ನಾ ಕಣ್ಣಿಲೆ ನೋಡಬೇಕಿತ್ತು. ಕಿವಿಲೆ ಕೇಳಿದೆ," ಎಂದರು.

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಹೊಟ್ಟೆಯಲ್ಲಿ ಕೂಸು ಒದೆಯಿತು. ಕೈ ಅಲ್ಲಿಗೆ ಹೋಯಿತು. ಅವರು ಅದನ್ನು ನೋಡಿ, ಖುಷ್ ರಹೋ ಎಂದು ಕೈ ಎತ್ತಿ, ನಾನು ಹೇಳುವುದಕ್ಕೆ ಮೊದಲೇ ತಿರುಗಿಬಿಟ್ಟರು. ಜನವಾಡದಲ್ಲಿ ಅವರ ತಂಗಿಯಿದ್ದಳು, ಅಲ್ಲಿಗೆ ಹೋದರು. ಮುಂದಿನ ಮಳೆಗಾಲಕ್ಕೆ ಇರಲಿಲ್ಲ ಎಂದು ಕೇಳಿದೆ.

ಅವರು ಹೋದ ಎಂಟು ದಿನಕ್ಕೆ ಮಳೆ ಹಿಡಿಯಿತು. ಇವರನ್ನು ಖಾಯಂ ಮಾಡಿದರು, ಸಾಬರ ಮೇಜಿಗೆ ಕೂಡಿಸಿದರು. ತಿದ್ದಿದ ಪುಸ್ತಕಗಳನ್ನು ನೋಡಿ ಸಾಹೇಬರು ಎಲ್ಲರೆದುರು ಮೆಚ್ಚಿದರಂತೆ. ಮೂರು ಊರಿಗೂ ಒಂದೇ ಮಾತು ಎಂದು ಬೀದರಿನವರೂ ಔರಾದಿನವರೂ ಇವರನ್ನೇ ಕೇಳಿ ಬರೆಯತೊಡಗಿದರು. ಇವರ ಕನ್ನಡ ಆ ಒಂಬತ್ತು ದಿನದಲ್ಲಿ ಪಳಗಿತ್ತು. ಆಮೇಲೆ ನನ್ನ ಅಕ್ಷರ ಬೇಕಾಗಲಿಲ್ಲ.

ಹಸಿ ಹೆಸರುಕಾಯಿಯ ಕಾಲಕ್ಕೆ ಒಂದು ದಿನ ನಾಗಮ್ಮ ಮನೆ ಹುಡುಕಿಕೊಂಡು ಬಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಮೊಣಕಾಲಿನವರೆಗೆ ಕಪ್ಪು ಮಣ್ಣು ಒಣಗಿತ್ತು. ಬುಟ್ಟಿ ತುಂಬ ಕಾಯಿ ತಂದಿದ್ದಳು, ತನ್ನ ಹೊಲದವು. ಇವರು ಒಳಗೆ ಊಟಕ್ಕೆ ಕೂತಿದ್ದರು. ಹೊರಗೆ ಬರಲಿಲ್ಲ.

"ಆ ಕಣ್ಣ ಕಾಣದ ಸಾಬ ನನ್ನ ಬಾಯಾಗ ಮಣ್ಣ ಹಾಕಿದ್ನರಿ ಅಕ್ಕಾರ," ಎಂದಳು, ಬುಟ್ಟಿಯಿಂದ ಮೊರಕ್ಕೆ ಕಾಯಿ ಸುರಿಯುತ್ತ. "ತಪ್ಪು ನಂದು ಅಂತ ಅವನ ಬಾಯಿಲೇ ಅಂದ, ನಾ ಅಲ್ಲೇ ನಿಂತಿದ್ದೆ. ಇದ್ದಷ್ಟು ಕಣ್ಣೂ ಹೋಗ್ಲಿ ಅವನವು. ಎಲ್ಲಾ ತಿದ್ದಿ ನಮ್ಮ ಹೊಲಾ ಉಳಿಸಿದವರು ನಿಮ್ಮ ಯಜಮಾನ್ರಂತ. ಊರೆಲ್ಲ ಅಂತಾರ. ಖರೇನಲ್ರಿ?"

ಒಳಗೆ ರೊಟ್ಟಿ ಮುರಿಯುವ ಸದ್ದು ನಿಂತಿತು. ನಾಗಮ್ಮ ಬುಟ್ಟಿಯನ್ನು ಕೊಡವಿ, ಉತ್ತರಕ್ಕಾಗಿ ನನ್ನ ಮುಖ ನೋಡಿದಳು.

"ಖರೇರಿ," ಎಂದೆ.